ಸತಿಯ ತ್ಯಾಗವೋ, ದಂಪತಿಯ ಕಾಯಕವೋ?

(ಹಾವೇರಿಯ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ದೈಹಿಕ ಶಿಕ್ಷಕರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

 

ನನಗೆ ಕೊಟ್ಟ ವಿಷಯ 'ತ್ಯಾಗಮಯಿ ಸತಿ'. ಯಾರ ಬಗ್ಗೆ ಮಾತಾಡಬೇಕೆಂದು ಕಾರ್ಯಕರ್ತರು ಬಯಸಿದ್ದರೋ ಆ ತಾಯಿಯ ಮನೆಗೆ ಹೋದ ವಾರ ಹೋಗಿದ್ದೆ. ವಿಷಯ ಕೇಳಿ ಆಕೆ ನಕ್ಕಳು. "ಸರ್, ಹೆಸರು ಹೇಳಬ್ಯಾಡ್ರಿ. ತ್ಯಾಗ ಅಂತನೂ ಅನಬ್ಯಾಡ್ರಿ. ತ್ಯಾಗ ಅಂದ್ರ ಮಂದಿ ಕೈ ಮುಗದು ಮನಿಗೆ ಹೋಗ್ತಾರ" ಅಂದಳು. ಹಾಗಾಗಿ ಹೆಸರು ಹೇಳುವುದಿಲ್ಲ. ವಿಷಯದ ತಲೆಬರಹವನ್ನೂ ಸ್ವಲ್ಪ ತಿದ್ದಿಕೊಳ್ಳುತ್ತೇನೆ.

ಆಕೆಯ ಗಂಡ ನನ್ನ ಶಿಷ್ಯ. ಕಬಡ್ಡಿಯಲ್ಲಿ ಎದುರಾಳಿ ಅಂಗಳಕ್ಕೆ ಹೋದರೆ ಬರಿಗೈಲಿ ಬರುತ್ತಿರಲಿಲ್ಲ. ದೀಪಾವಳಿ ಬಂತೆಂದರೆ ನಮ್ಮ ಭಾಗದಲ್ಲಿ ಹೋರಿ ಬೆದರಿಸುವ ಹಬ್ಬ. ಕೊಬ್ಬರಿ ಸರ ಕಟ್ಟಿಕೊಂಡು ಓಡುವ ಹೋರಿಯ ಕೊರಳಿಗೆ ಕೈ ಹಾಕಿ ಸರ ಕೀಳುವವನೇ ಗಂಡು. ಅವನೂ ಇಳಿದ. ಒಂದು ವರ್ಷ ಹೋರಿ ಅವನನ್ನು ಎತ್ತಿ ಒಗೆಯಿತು. ಬೆನ್ನು ಕೆಳಗಾಗಿ ಬಿದ್ದ.

ನಾನು ಅಲ್ಲೇ ಇದ್ದೆ. ಸಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ಓಡಿಹೋಗಿ ಕೈಕಾಲು ಹಿಡಿದು ಎತ್ತಿ ಗಾಡಿಗೆ ಹಾಕಿದ ನಾಲ್ವರಲ್ಲಿಯೂ ನಾನೊಬ್ಬ. ಬೆನ್ನುಮೂಳೆಗೆ ಪೆಟ್ಟಾದವರನ್ನು ಹಾಗೆ ಎತ್ತಬಾರದು, ಕುತ್ತಿಗೆ, ಬೆನ್ನು ಅಲುಗದಂತೆ ಗಟ್ಟಿ ಹಲಗೆಯ ಮೇಲೆ ಸಾಗಿಸಬೇಕು ಎಂದು ಹುಬ್ಬಳ್ಳಿಯಲ್ಲಿ ವೈದ್ಯರು ಹೇಳಿದಾಗ ನಾನು ತಲೆ ಎತ್ತಲಿಲ್ಲ. ಮೂವತ್ತು ವರ್ಷ ಆಟ ಕಲಿಸಿದ ಮಾಸ್ತರನಿಗೆ ಇಷ್ಟು ಗೊತ್ತಿರಬೇಕಿತ್ತು. ಅವನ ಸೊಂಟದ ಕೆಳಗೆ ಸ್ವಾಧೀನ ಮರಳಿ ಬರಲಿಲ್ಲ. ಆಗ ಮಗಳಿಗೆ ಎಂಟು ತಿಂಗಳು.

ಮನೆಗೆ ಕರೆತಂದ ಮೇಲೆ ಏನಾಯಿತು? ಮೊದಲು ಬಂದದ್ದು ನೆರವಲ್ಲ, ಮಾತು. "ಸೊಸಿ ಕಾಲ್ಗುಣ ಸರಿ ಇಲ್ಲ" ಎಂದರು. ಹಿಂದಿನ ಜನ್ಮದ ಪಾಪ ಎಂದರು. ಶಾಂತಿ ಮಾಡಿಸಿರಿ ಎಂದರು. ಹೀಗೆ ಅಂದವರ ಕೊರಳಲ್ಲಿಯೂ ಇಷ್ಟಲಿಂಗ ಇತ್ತು, ಬಂಧುಗಳೇ. ಶಕುನ, ಜಾತಕ, ಪೂರ್ವಜನ್ಮದ ಕರ್ಮ ಎಲ್ಲವನ್ನೂ ಹನ್ನೆರಡನೆಯ ಶತಮಾನದಲ್ಲೇ ಬಸವಾದಿ ಶರಣರು ಅಲ್ಲಗಳೆದರು. ನಾವು ಅದನ್ನು ವೇದಿಕೆಯಲ್ಲಿ ಹೇಳುತ್ತೇವೆ, ಪಡಸಾಲೆಯಲ್ಲಿ ಮರೆಯುತ್ತೇವೆ. ಗಂಡನ ಕಾಲು ಹೋದದ್ದು ಹೋರಿಯಿಂದ. ಅದಕ್ಕೆ ಹೆಂಡತಿಯ ಕಾಲಿನ ಗುಣ ಹುಡುಕುವುದು ಯಾವ ಧರ್ಮ?

ಆ ತಾಯಿ ಉತ್ತರ ಕೊಡುತ್ತಾ ಕೂರಲಿಲ್ಲ. ಅವಳಿಗೆ ಹೊತ್ತಿರಲಿಲ್ಲ. ಸ್ಪರ್ಶ ತಿಳಿಯದ ಮೈಯನ್ನು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸದಿದ್ದರೆ ಹಾಸಿಗೆ ಹುಣ್ಣಾಗುತ್ತದೆ. ಹುಣ್ಣು ನಂಜಾದರೆ ಜೀವಕ್ಕೇ ಕುತ್ತು. ಮೂತ್ರದ ನಳಿಗೆ ಸ್ವಚ್ಛ ಇಡಬೇಕು. ರಾತ್ರಿ ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಏಳಬೇಕು. ಇದು ಒಂದು ದಿನದ ಸೇವೆಯಲ್ಲ. ಹೂವಿನ ಹಾರ ಹಾಕಿಸಿಕೊಳ್ಳುವ ಸೇವೆಯೂ ಅಲ್ಲ.

ಹಗಲು ದುಡಿಮೆ. ಬ್ಯಾಡಗಿ ಮೆಣಸಿನಕಾಯಿಯ ಡಬ್ಬಿ, ಕಡ್ಡಿ ತಳಿಗಳ ಹೆಸರು ನಿಮಗೆಲ್ಲ ಗೊತ್ತು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು. ಕೆಂಪು ಬಣ್ಣಕ್ಕಾಗಿ ದೇಶ ವಿದೇಶದವರು ಕೇಳುತ್ತಾರೆ. ಆದರೆ ಆ ಕಾಯಿಯ ತೊಟ್ಟು, ನಮ್ಮ ಮಾತಿನಲ್ಲಿ ತುಂಬು, ಬಿಡಿಸುವವರು ನಮ್ಮ ಹೆಣ್ಣುಮಕ್ಕಳು. ಮೂಗು ಬಾಯಿಗೆ ಸೆರಗು ಕಟ್ಟಿ, ಉರಿಯುವ ಕೈಯಲ್ಲಿ, ತೂಕದ ಲೆಕ್ಕದ ಕೂಲಿಗೆ. ಆ ತಾಯಿ ಈ ಕೆಲಸ ಹಿಡಿದಳು.

ಒಂದು ವರ್ಷ ಹೀಗೆ ಕಳೆಯಿತು. ಅವನು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಮಗಳು ಹತ್ತಿರ ಹೋದರೆ ಸಿಡುಕುತ್ತಿದ್ದ. ಒಂದು ದಿನ ಆಕೆ ಒಂದು ಚೀಲ ಮೆಣಸಿನಕಾಯಿಯನ್ನು ಮನೆಗೇ ತಂದು ಅವನ ಹಾಸಿಗೆಯ ಪಕ್ಕ ಸುರುವಿದಳು. "ಕಾಲು ಹೋಗ್ಯಾವ, ಖರೆ. ಕೈ ಅದಾವಲ್ಲ ನಿಮ್ಮವು?" ಅಂದಳು. ಇದು ಹೆಂಗಸರ ಕೆಲಸ ಎಂದು ಅವನು ರೇಗಿದ. "ಹಂಗಾದ್ರ ಊಟನೂ ಹೆಂಗಸರ ದುಡಿಮೀದ ಐತಿ" ಅಂದಳು. ಅವನು ಮೂರು ದಿನ ಮುಟ್ಟಲಿಲ್ಲ. ನಾಲ್ಕನೆಯ ದಿನ ಆಕೆ ಸಂತೆಯಿಂದ ಬರುವಷ್ಟರಲ್ಲಿ ಅರ್ಧ ಗುಂಪು ಬಿಡಿಸಿಟ್ಟಿದ್ದ. ಆ ಕೂಲಿಯನ್ನು ಆಕೆ ಅವನ ಕೈಗೇ ಕೊಟ್ಟಳಂತೆ. ಅವನು ಮಗಳಿಗೆ ಪಾಟಿ ತರಿಸಿದ.

ಇದನ್ನು ಕೇಳಿದಾಗ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. ಲಿಂಗಸುಗೂರಿನ ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ. ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತ ಮಾರಯ್ಯನಿಗೆ, ಕಾಯಕ ನಿಂತಿತು ಏಳು ಎಂದವಳು ಲಕ್ಕಮ್ಮ. ಅವನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಚ್ಚಿನದನ್ನು ಮರಳಿ ಸುರಿದು ಬಾ ಎಂದವಳೂ ಅವಳೇ. ಲಕ್ಕಮ್ಮ ಗಂಡನನ್ನು ಹೊತ್ತು ತಿರುಗಲಿಲ್ಲ, ಎಬ್ಬಿಸಿದಳು. ಶರಣರು ಹೆಣ್ಣಿಗೆ ಕೊಟ್ಟ ಸ್ಥಾನ ಅದು. ನಾವು ಅದನ್ನು ಬಿಟ್ಟು ಮತ್ತೆ ಪುರಾಣದ ಪತಿವ್ರತೆಯ ಪಟ್ಟ ತಂದು ಕಟ್ಟುತ್ತಿದ್ದೇವೆ.

ಇನ್ನೊಂದು ಪ್ರಶ್ನೆ. ಹಾಸಿಗೆ ಹಿಡಿದದ್ದು ಆಕೆಯಾಗಿದ್ದರೆ? ದೀಪಾ ಮಲಿಕ್ ಅವರಿಗೆ 1999ರಲ್ಲಿ ಬೆನ್ನುಹುರಿಯ ಗಡ್ಡೆಯ ಶಸ್ತ್ರಚಿಕಿತ್ಸೆಯಾಗಿ ಎದೆಯ ಕೆಳಗೆ ಸ್ವಾಧೀನ ಹೋಯಿತು. ಸೈನ್ಯಾಧಿಕಾರಿಯಾದ ಪತಿ ಜೊತೆ ನಿಂತರು. 2016ರ ರಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ಆಕೆ ಗುಂಡು ಎಸೆತದಲ್ಲಿ ಬೆಳ್ಳಿ ಗೆದ್ದರು. ಆ ಪತಿಯನ್ನು ಯಾರೂ 'ತ್ಯಾಗಮಯಿ ಪತಿ' ಎಂದು ಪೂಜಿಸಲಿಲ್ಲ. ಒಳ್ಳೆಯ ಸಂಗಾತಿ ಎಂದರು. ಅದೇ ಸರಿಯಾದ ಮಾತು. ನಮ್ಮ ಊರುಗಳಲ್ಲಿ ಹೆಂಡತಿ ಹಾಸಿಗೆ ಹಿಡಿದರೆ ಗಂಡನಿಗೆ ಇನ್ನೊಂದು ಮದುವೆ ಮಾಡಲು ಹೊರಡುವ ಹಿರಿಯರನ್ನು ನಾನು ಕಂಡಿದ್ದೇನೆ. ನೀವೂ ಕಂಡಿದ್ದೀರಿ.

ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಹುತಾತ್ಮರಾದದ್ದು ಶಾಲೆಯ ಮಕ್ಕಳಿಗೂ ಗೊತ್ತು. ಅವರ ಪತ್ನಿ ಸಿದ್ದಮ್ಮನವರೂ ಸ್ವಾತಂತ್ರ್ಯಕ್ಕಾಗಿ ಜೈಲು ಕಂಡವರು. ಅವರ ಹೆಸರು ಎಷ್ಟು ಜನರ ಬಾಯಲ್ಲಿದೆ? ಹೆಣ್ಣಿನ ದುಡಿಮೆ ಯಾವಾಗಲೂ ಗಂಡನ ನೆರಳಿನಲ್ಲಿ ಮುಚ್ಚಿಹೋಗುತ್ತದೆ.

ಈಗ ಕೆಲಸದ ಮಾತು. ಹೋರಿ ಹಬ್ಬ ನಡೆಸುವ ಊರಿನವರು ಅಖಾಡದಲ್ಲಿ ಆಂಬುಲೆನ್ಸ್, ಗಟ್ಟಿ ಸ್ಟ್ರೆಚರ್, ಪ್ರಥಮ ಚಿಕಿತ್ಸೆ ಬಲ್ಲವರು ಇಲ್ಲದೆ ಹೋರಿ ಬಿಡಬಾರದು. ಇಳಿಯುವ ಹುಡುಗರಿಗೆ ವಿಮೆ ಇರಬೇಕು. ಮನೆ, ಹೊಲದ ಉತಾರದಲ್ಲಿ ಹೆಂಡತಿಯ ಹೆಸರೂ ಇರಬೇಕು. ಈ ತಾಯಿಯ ಮನೆಯ ಉತಾರದಲ್ಲಿ ಇವತ್ತಿಗೂ ಆಕೆಯ ಹೆಸರಿಲ್ಲ. ಸನ್ಮಾನದ ಶಾಲುಗಳು ಮಾತ್ರ ಮೂರಿವೆ.

ಕೊನೆಯದು. "ಮಠಕ್ಕೆ ನಿಮ್ಮ ಪರವಾಗಿ ಏನು ಕೇಳಲಿ?" ಎಂದು ಆಕೆಯನ್ನು ಕೇಳಿದ್ದೆ. ದುಡ್ಡು ಕೇಳಲಿಲ್ಲ. "ಅವರಿಗೆ ಗೋಷ್ಠಿಗೆ ಬರೂದು ಆಸೆ ಐತ್ರಿ. ಮೆಟ್ಟಿಲು ಹತ್ತಾಕ ಆಗೂದಿಲ್ಲ. ಮಂದಿ ಎತ್ತಿಕೊಂಡು ಹೋದ್ರ ಅವರಿಗೆ ನಾಚಿಕಿ" ಎಂದಳು. ಬರುವಾಗ ಎಣಿಸಿದೆ, ಈ ಸಭಾಂಗಣಕ್ಕೆ ಏಳು ಮೆಟ್ಟಿಲು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳಲ್ಲಿ ಎಲ್ಲರಿಗೂ ದಾರಿ ಇರಬೇಕು ಎನ್ನುತ್ತದೆ. ಕಾಯ್ದೆಗೂ ಎಂಟುನೂರು ವರ್ಷ ಮೊದಲು ಅನುಭವ ಮಂಟಪದ ಬಾಗಿಲು ಎಲ್ಲರಿಗೂ ತೆರೆದಿತ್ತು.

ಒಂದು ಇಳಿಜಾರು ದಾರಿಗೆ ಬೇಕಾಗುವುದು ಕೆಲವು ಚೀಲ ಸಿಮೆಂಟು, ಒಂದಿಷ್ಟು ಮರಳು, ನಾಲ್ಕು ದಿನದ ಶ್ರಮ. ಮೊದಲ ಬುಟ್ಟಿ ನಾನು ಹೊರುತ್ತೇನೆ. ಅವತ್ತು ತಪ್ಪಾಗಿ ಎತ್ತಿದ ಕೈ ಇವು. ಮುಂದಿನ ತಿಂಗಳ ಗೋಷ್ಠಿಗೆ ಅವನು ತಾನೇ ಗಾಲಿ ತಿರುಗಿಸಿಕೊಂಡು ಒಳಗೆ ಬರಲಿ. ಅಂದು ಮಾತಾಡುವವರು ನಾನಲ್ಲ, ಆ ಇಬ್ಬರು.