ಗಾರೆ ಮರಳಿ ಪಡೆದ ತೂಕ

ಅರಸೀಕೆರೆಯಿಂದ ಹಳೇಬೀಡಿನ ಮೇಲೆ ಬೇಲೂರಿಗೆ ಬಂದವರಿಗೆ ಮೊದಲು ಕಾಣುವುದು ಗುಡಿಯ ಎತ್ತರದ ಗೋಪುರ. 1117ರ ಚೆನ್ನಕೇಶವ ಗುಡಿಯನ್ನು ಗಾರೆಯ ಹಂಗಿಲ್ಲದೆ ಬಳಪದ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದರು. ಗೋಪುರದ ಕಥೆ ಬೇರೆ. ಹಳೆಯದು ದಾಳಿಯಲ್ಲಿ ಸುಟ್ಟುಹೋಗಿತ್ತು. 1397ರಲ್ಲಿ ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡ ಅದನ್ನು ಮತ್ತೆ ಎಬ್ಬಿಸಿದ. ಅದರ ಮೇಲ್ಭಾಗವೆಲ್ಲ ಇಟ್ಟಿಗೆ, ಗಾರೆ.

ಆ ಗಾರೆಯೊಳಗೆ ಎಂಥ ಲೆಕ್ಕ ಅಡಗಿದೆ ನೋಡಿ! 100 ಕಿಲೋ ಶುದ್ಧ ಸುಣ್ಣಕಲ್ಲನ್ನು ಭಟ್ಟಿಯಲ್ಲಿ ಸುಟ್ಟರೆ ಕೈಗೆ ಸಿಗುವುದು 56 ಕಿಲೋ ಸುಣ್ಣ. ನೀರು ಹಾಕಿ ಅರಳಿಸಿದರೆ 18 ಕಿಲೋ ನೀರು ಕುಡಿದು 74 ಕಿಲೋ ಆಗುತ್ತದೆ. ಗೋಡೆಗೆ ಹಚ್ಚಿದ ಮೇಲೆ ಅದು ವರ್ಷಗಟ್ಟಲೆ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರುತ್ತ, ನೀರು ಬಿಡುತ್ತ ಗಟ್ಟಿಯಾಗುತ್ತದೆ. ಪೂರ್ತಿ ಕಲ್ಲಾದಾಗ ತೂಕ ಮತ್ತೆ ಅದೇ 100.

ಸುಟ್ಟ ಕಲ್ಲು ಹಗುರಾಗುವುದನ್ನು ಬುಟ್ಟಿ ಹೊತ್ತವರ ತಲೆಯೇ ಬಲ್ಲದು. ಆದರೆ ಆ 44 ಕಿಲೋ ಹೋದದ್ದೆಲ್ಲಿಗೆ?

ಅದನ್ನು ತಕ್ಕಡಿ ಹಿಡಿದು ಬೆನ್ನಟ್ಟಿದವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. ವೈದ್ಯ ಕಲಿಯುತ್ತಿದ್ದ ಹುಡುಗ. ಮೂತ್ರಕೋಶದ ಕಲ್ಲಿಗೆ ಆಗ ಸುಣ್ಣದ ತಿಳಿನೀರೇ ಮದ್ದು. ಯಾವ ಸುಣ್ಣ ಮೇಲು ಎಂದು ಅವನ ಗುರುಗಳೇ ಜಗಳವಾಡುತ್ತಿದ್ದರು. ಆ ಜಗಳದಿಂದ ದೂರ ಉಳಿಯಲು ಅವನು ಮೆಗ್ನೀಷಿಯಾ ಹಿಡಿದ. ಅದನ್ನು ಸುಟ್ಟು ತೂಗುತ್ತ ಹೋದವನು ಮತ್ತೆ ಸುಣ್ಣಕ್ಕೇ ಬಂದು ನಿಂತ. 120 ಗ್ರೇನ್ ಸೀಮೆಸುಣ್ಣ ಸುಟ್ಟಾಗ ಉಳಿದದ್ದು 68. ಅದನ್ನು ಕ್ಷಾರದ ದ್ರಾವಣದಲ್ಲಿ ಬೆರೆಸಿದಾಗ ಸೀಮೆಸುಣ್ಣ ಮರಳಿ ಬಂತು, 118 ಗ್ರೇನ್! ಕಲ್ಲಿನಲ್ಲಿ ಗಾಳಿಯೊಂದು ಸೆರೆಯಾಗಿದೆ, ಅದಕ್ಕೂ ತೂಕವಿದೆ ಎಂದು ಅವನು ಕಂಡುಕೊಂಡ. ಇದು ಅಚ್ಚಾದದ್ದು 1756ರಲ್ಲಿ.

ಮುಂದಿನದು ಶಾಲೆಯಲ್ಲಿ ಓದಿದ ಕಥೆಯೇ. ಪ್ಯಾರಿಸಿನ ಲಾವೋಸಿಯೆ 1774ರಲ್ಲಿ ಬಾಯಿ ಮುಚ್ಚಿದ ಪಾತ್ರೆಯಲ್ಲಿ ತವರ ಕಾಯಿಸಿ ತೂಗಿದ, 1789ರಲ್ಲಿ ದ್ರವ್ಯರಾಶಿಯ ಸಂರಕ್ಷಣೆಯನ್ನು ಪುಸ್ತಕದಲ್ಲಿ ಬರೆದ, 1794ರಲ್ಲಿ ಕ್ರಾಂತಿಯ ಗಿಲೊಟಿನ್‌ಗೆ ತಲೆ ಕೊಟ್ಟ. ನಿಯಮಕ್ಕೆ ಅವನ ಹೆಸರು ಅಂಟಿದ್ದು ನ್ಯಾಯವೇ. ಆದರೂ ಸುಣ್ಣದ ಈ ಪ್ರಯೋಗವನ್ನು ಮಕ್ಕಳಿಗೆ ಮೊದಲು ಹೇಳಿಕೊಡಬಾರದೇ? ಲಾವೋಸಿಯೆಗೇ ಬ್ಲ್ಯಾಕ್ ಎಂದರೆ ಗೌರವವಿತ್ತು. ಅವನಿಗೆ ಕಾಗದ ಬರೆಯುತ್ತಿದ್ದ. ಬ್ಲ್ಯಾಕ್ ಮಾತ್ರ ಪಾಠ ಹೇಳುತ್ತಲೇ ಆಯುಷ್ಯ ಕಳೆದ, ಅಚ್ಚಿಗೆ ಕೊಟ್ಟದ್ದು ತೀರ ಕಡಿಮೆ. ಅವನ ಪಾಠಗಳನ್ನು ಗೆಳೆಯ ಜಾನ್ ರಾಬಿಸನ್ ಪುಸ್ತಕವಾಗಿ ತಂದದ್ದು 1803ರಲ್ಲಿ, ಬ್ಲ್ಯಾಕ್ ತೀರಿಹೋದ ನಾಲ್ಕು ವರ್ಷಕ್ಕೆ.