ತಡವಾಗಿ ಬಂದ ಹುಡುಗ

(ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಆಡಿದ ಮಾತುಗಳು)

 

ನನ್ನ ತಪ್ಪೊಂದನ್ನು ಒಪ್ಪಿಕೊಂಡೇ ಮಾತು ಆರಂಭಿಸುತ್ತೇನೆ. ಒಂಬತ್ತನೇ ತರಗತಿಯ ಹುಡುಗನೊಬ್ಬ ದಿನವೂ ಪ್ರಾರ್ಥನೆ ಮುಗಿದ ಮೇಲೆ ಬರುತ್ತಿದ್ದ. ನಾನು ಶಿಸ್ತಿನ ಮನುಷ್ಯ. ಎರಡು ವಾರ ಅವನನ್ನು ಬಾಗಿಲ ಹೊರಗೆ ನಿಲ್ಲಿಸಿದೆ. ಆಮೇಲೆ ಅವನು ಬರುವುದನ್ನೇ ಬಿಟ್ಟ. ವಿಚಾರಿಸಿದರೆ, ತಂದೆಯ ಕುಡಿತ ತಾಳಲಾರದೆ ತಾಯಿ ತವರಿಗೆ ಹೋಗಿದ್ದರು. ಹುಡುಗ ಬೆಳಿಗ್ಗೆ ರೊಟ್ಟಿ ಬಡಿದು, ಪುಟ್ಟ ತಂಗಿಗೆ ಜಡೆ ಹಾಕಿ, ಅವಳನ್ನು ಅಂಗನವಾಡಿಗೆ ಬಿಟ್ಟು ಬರುತ್ತಿದ್ದ. ಮೂರು ಸಲ ಅವನ ಮನೆಗೆ ಹೋದೆ. ಅಷ್ಟರಲ್ಲಿ ಗ್ಯಾರೇಜಿಗೆ ಸೇರಿದ್ದ, ಮರಳಿ ಬರಲಿಲ್ಲ. ಕಾಯಕದ ಬಗ್ಗೆ ಭಾಷಣ ಮಾಡುತ್ತಿದ್ದ ನಾನು, ಅಷ್ಟೆಲ್ಲ ಕಾಯಕ ಮುಗಿಸಿ ಬಂದವನನ್ನು ಸೋಮಾರಿ ಎಂದು ಕರೆದಿದ್ದೆ.

ಶಾಲೆ ಯಾರ ಮನೆಯನ್ನೂ ಸರಿಪಡಿಸಲಾರದು. ಕುಡಿತ ಬಿಡಿಸಲು, ಸಾಲ ತೀರಿಸಲು ಮೇಷ್ಟ್ರಿಂದ ಆಗದು. ಆದರೆ ದಿನಕ್ಕೆ ಆರೇಳು ಗಂಟೆ ಮಗು ನಮ್ಮ ಕಣ್ಣೆದುರಿಗಿರುತ್ತದೆ. ಚೆನ್ನಾಗಿದ್ದ ಅಕ್ಷರ ಒಮ್ಮೆಲೇ ಕೆಡುವುದು, ಪಾಠದ ನಡುವೆ ನಿದ್ದೆ ಹೋಗುವುದು, ಎಲ್ಲಕ್ಕಿಂತ ಮುಖ್ಯವಾಗಿ ಕೊನೆಯ ಗಂಟೆ ಬಾರಿಸಿದರೂ ಮನೆಗೆ ಹೋಗದೆ ಕಾಂಪೌಂಡಿನಲ್ಲೇ ಸುತ್ತಾಡುವುದು. ಇದನ್ನು ಕಾಣುವ ಒಬ್ಬ ಹಿರಿಯರು ಸಾಕು. ತರಗತಿಯ ಎದುರು "ಯಾಕೆ ತಡ?" ಎಂದರೆ ಆ ವಯಸ್ಸಿನವರು ಸುಳ್ಳು ಹೇಳುತ್ತಾರೆ. ಒಬ್ಬರೇ ಇದ್ದಾಗ "ಬೆಳಿಗ್ಗೆ ಏನು ತಿಂದೆ?" ಎಂದು ಕೇಳಿ ನೋಡಿ.

ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಬೇಕು. ನಮ್ಮೂರುಗಳಲ್ಲಿ ಸ್ಟಾಫ್ ರೂಮಿನ ಮಾತು ಸಂಜೆಯೊಳಗೆ ಚಹದಂಗಡಿಗೆ ಬರುತ್ತದೆ. ಮನೆತನದ ಮರ್ಯಾದೆ ಹೋಯಿತೆಂದು ಏಟು ಬೀಳುವುದು ಮಗುವಿಗೇ. ತಂದೆ ಹೊಡೆಯುವ ಮನೆಗೆ ಡೈರಿಯಲ್ಲಿ ದೂರು ಬರೆದು ಕಳಿಸುವುದೂ ಅಷ್ಟೇ ಅಪಾಯ. ಆದರೆ ಮುಚ್ಚಿಡಬಾರದ್ದೂ ಇದೆ. ಲೈಂಗಿಕ ದೌರ್ಜನ್ಯ ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ತಿಳಿಸಲೇಬೇಕು. ಮಾಡಿದವರು ನೆಂಟರಾಗಿರಲಿ, ಮಠದ ಭಕ್ತರಾಗಿರಲಿ. ಹದಿನೆಂಟು ತುಂಬದ ಹುಡುಗಿಗೆ ಮದುವೆ ಗೊತ್ತಾದರೂ ಹಾಗೆಯೇ, ಲಗ್ನಪತ್ರಿಕೆ ಹಿಡಿದು ಆಶೀರ್ವಾದಕ್ಕೆ ಬಂದವರನ್ನು ನಾವು ಸುಮ್ಮನೆ ಕಳಿಸಬಾರದು. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆ ಪ್ರತಿ ತರಗತಿಯ ಗೋಡೆಯ ಮೇಲಿರಲಿ.

ಸರ್ಕಾರ ಶಾಲೆಯ ಬಿಸಿಯೂಟಕ್ಕೆ ಅಕ್ಷರ ದಾಸೋಹ ಎಂದು ಹೆಸರಿಟ್ಟಿತು. ದಾಸೋಹ ನಮ್ಮ ಶರಣರು ಬಾಳಿ ತೋರಿಸಿದ ಮಾತು. ಹಸಿದವನ ಜಾತಿ ಕೇಳದೆ ಉಣಬಡಿಸುವ ನಾವು, ಮನೆಯಲ್ಲಿ ಓದಲು ಜಾಗವಿಲ್ಲದ ಮಗುವಿಗೆ ಸಂಜೆ ಏಳರವರೆಗೆ ಒಂದು ಕೋಣೆ, ಒಂದು ದೀಪ, ಜೊತೆಗೆ ಒಬ್ಬ ಶಿಕ್ಷಕಿಯನ್ನು ಒದಗಿಸಲಾರೆವೇ? ನಮ್ಮಲ್ಲೇ ನಿವೃತ್ತ ಶಿಕ್ಷಕರು ಎಷ್ಟು ಮಂದಿ! ಸಂಜೆ ಟಿ.ವಿ. ಮುಂದೆ ಕೂರುವುದು ಬಿಟ್ಟು ಬರಲಿ, ನಾನೂ ಬರುತ್ತೇನೆ.

ಪೂಜ್ಯರಲ್ಲಿ ನನ್ನದೊಂದು ಬಿನ್ನಹ. ನಮ್ಮ ಪ್ರಸಾದ ನಿಲಯಕ್ಕೆ ಪ್ರವೇಶ ಕೊಡುವುದು ಜೂನ್ ತಿಂಗಳಲ್ಲಿ. ಮನೆ ಒಡೆಯುವುದು ಅಕ್ಟೋಬರಿನಲ್ಲೂ ಆಗುತ್ತದೆ, ಪರೀಕ್ಷೆಗೆ ಹದಿನೈದು ದಿನ ಇರುವಾಗಲೂ ಆಗುತ್ತದೆ. ನಾಲ್ಕು ಹಾಸಿಗೆ ವರ್ಷವಿಡೀ ಖಾಲಿ ಇರಲಿ. ಅರ್ಜಿ, ಶಿಫಾರಸು ಆಮೇಲೆ. ಮುಖ್ಯೋಪಾಧ್ಯಾಯರ ಒಂದು ಫೋನಿಗೆ ಆ ರಾತ್ರಿಯೇ ಬಾಗಿಲು ತೆರೆಯಲಿ.