ಬಸಪ್ಪ, ಬಸವ್ವ, ಬಸ್ಯಾ



ಈ ಸಭೆಯಲ್ಲಿ ಯಾರಾದರೂ ‘ಬಸಪ್ಪಾ’ ಎಂದು ಕೂಗಿದರೆ ಹತ್ತು ಮಂದಿಯಾದರೂ ಹೊರಳಿ ನೋಡುತ್ತೀರಿ. ನಾನೂ ನೋಡುತ್ತೇನೆ. ನನಗಿಟ್ಟದ್ದು ಅಜ್ಜನ ಹೆಸರು. ಸೊಸೆಯಾದವಳು ಮಾವನ ಹೆಸರು ಹಿಡಿಯಬಾರದು. ಹಾಗಾಗಿ ಅವ್ವ ಕೊನೆತನಕ ನನ್ನನ್ನು ‘ಅಪ್ಪೂ’ ಎಂದೇ ಕರೆದಳು. ಸಾಲಿಗೆ ಹಚ್ಚಿದ ದಿನ ಮಾಸ್ತರರು ಹೆಸರು ಕೇಳಿದರೆ ಅವಳು ಸೆರಗು ಬಾಯಿಗೆ ಹಿಡಿದು ನಿಂತಳು. ‘ಬಸಪ್ಪ ಅಂತ್ರೀ’ ಎಂದವಳು ನೆರೆಮನೆಯ ಹುಡುಗಿ. ಮಾಸ್ತರರು ಚಂದ ಕಾಣಲೆಂದು ‘ಬಸವರಾಜ’ ಎಂದು ಬರೆದುಕೊಂಡರು. ಹೊಲದ ಉತಾರದಲ್ಲಿ ಬಸಪ್ಪ, ಸಾಲಿಯ ದಾಖಲೆಯಲ್ಲಿ ಬಸವರಾಜ. ಇಬ್ಬರೂ ಒಬ್ಬನೇ ಎಂದು ಮುಂದೆ ಅಫಿಡವಿಟ್ ಮಾಡಿಸಬೇಕಾಯಿತು.

ಸಂಸ್ಕೃತದ ವೃಷಭ ಕನ್ನಡದ ನಾಲಗೆಯಲ್ಲಿ ಬಸವ ಆಯಿತು. ಮುಧೋಳದ ಕವಿಯ ಹೆಸರಿನ ‘ರತ್ನ’ವೂ ಹೀಗೆಯೇ ಮೆತ್ತಗಾಗಿ ‘ರನ್ನ’ವಾಗಿದೆ. ಬಸವ ಎಂದರೆ ಹೊಲದ ಎತ್ತು, ಗುಡಿಯ ನಂದಿ, ಹನ್ನೆರಡನೆಯ ಶತಮಾನದ ಶರಣ. ಮಣ್ಣೆತ್ತಿನ ಅಮಾವಾಸ್ಯೆಗೆ ಹಸಿಮಣ್ಣಿನ ಎತ್ತು ಮಾಡಿ, ಜೋಳದ ಕಾಳನ್ನು ಕಣ್ಣಾಗಿ ಒತ್ತಿ, ನಮ್ಮಜ್ಜಿ ಅದಕ್ಕೂ ‘ಬಸವಣ್ಣ’ ಎಂದೇ ಕೈಮುಗಿಯುತ್ತಿದ್ದಳು. ಈ ಮೂವರನ್ನು ಅವಳು ಎಂದೂ ಬೇರೆ ಮಾಡಿ ನೋಡಿದವಳಲ್ಲ.

ಕೃಷ್ಣಾ ಮಲಪ್ರಭೆ ಕೂಡುವ ಕೂಡಲಸಂಗಮ ನಮ್ಮ ಬೀಳಗಿ ಸೀಮೆಗೆ ದೂರವಿಲ್ಲ. ಸಂಗನಬಸಪ್ಪ, ಸಂಗಪ್ಪ, ಸಂಗವ್ವ ಎಲ್ಲ ಅಲ್ಲಿಯ ಸಂಗಮನಾಥನ ಕಡೆಯವರೇ. ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನದಲ್ಲಿಯೇ ‘ಸಂಗಣಬಸವ’ ಎಂದಿದೆ.

ಹೆಸರಿನ ಬಾಲದಲ್ಲಿ ಸಂಬಂಧ ಕೂತಿರುತ್ತದೆ. ಓರಗೆಯವರಿಗೆ ಬಸ್ಯಾ, ಮುದ್ದಿಗೆ ಬಸೂ, ಮರ್ಯಾದೆಗೆ ಬಸಪ್ಪಣ್ಣಾರ, ಮನೆಯ ಮಕ್ಕಳಿಗೆ ಬಸಪ್ಪ ಕಾಕಾ. ಓಣಿಯಲ್ಲಿ ನಾಲ್ಕು ಬಸಪ್ಪರಿದ್ದರೆ ಅಡ್ಡಹೆಸರು ನೆರವಿಗೆ ಬರುತ್ತದೆ: ಬೆಲ್ಲದ, ಉಳ್ಳಾಗಡ್ಡಿ, ಹೂಗಾರ. ನನಗೆ ಹೆಚ್ಚು ಹಿಡಿಸುವುದು ಬೇರೆ. ತೊಟ್ಟಿಲ ಕೂಸಿಗೂ ನಾವು ‘ಅಪ್ಪ’, ‘ಅವ್ವ’ ಎನ್ನುತ್ತೇವೆ. ಹೋದವರು ಮರಳಿ ಬಂದರೆಂಬ ನಂಬಿಕೆ ಅದು.

ಬಸವರಾಜ ಹೊಸ ಹೆಸರೇನಲ್ಲ, ಹರಿಹರನ ಕೃತಿಯೇ ‘ಬಸವರಾಜದೇವರ ರಗಳೆ’. ಆದರೆ ಬಸಪ್ಪ ಎಂದರೆ ಹಳ್ಳಿಯವನೆಂದು ನಾಚಿ ಬದಲಿಸಿಕೊಳ್ಳುವುದು ನನಗೆ ನೋವು ತರುತ್ತದೆ. ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಸಪ್ಪ ದಾನಪ್ಪ ಜತ್ತಿ ಅವರು 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು, 1964ರಲ್ಲಿ ಬಸವ ಸಮಿತಿ ಕಟ್ಟಿದರು, 1974ರಲ್ಲಿ ಉಪರಾಷ್ಟ್ರಪತಿಯಾದರು. 1977ರಲ್ಲಿ ಫೆಬ್ರುವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿ. ಅಷ್ಟು ಎತ್ತರದಲ್ಲಿಯೂ ಅವರು ಬಸಪ್ಪನೇ. ತನ್ನ ಹೆಸರು, ತಂದೆಯ ಹೆಸರು, ಮನೆತನ ಎಂಬ ಆ ಸಾಲು ನಮ್ಮ ಹಳೆಯ ಮುಂಬಯಿ ಪ್ರಾಂತ್ಯದ ಕಡೆಯ ಪದ್ಧತಿ.

ಬಸವ್ವನ ಗತಿ ಮಾತ್ರ ಕಷ್ಟದ್ದು. ಕಾಗದದ ಮೇಲೆ ಅವಳು ಮೊದಲು ಬಸಮ್ಮ ಆದಳು; ಈಗ ಆ ಹೆಸರನ್ನು ಇಡುವವರೇ ವಿರಳ. ಹೋದ ವರ್ಷ ಬನಹಟ್ಟಿಯಲ್ಲಿ ನೇಕಾರ ಬೀಗರ ಮನೆಗೆ ತೊಟ್ಟಿಲಿಗೆ ಹೋಗಿದ್ದೆ. ಕೂಸಿನ ಜನನಪತ್ರದಲ್ಲಿ ಆಗಲೇ ಎರಡಕ್ಷರದ ಹೊಸ ಹೆಸರಿತ್ತು. ಸೋದರತ್ತೆ ಅದನ್ನೇ ಕಿವಿಯಲ್ಲಿ ಊದಿದಳು. ಊಟ ಮುಗಿಯಿತು, ಮಂದಿ ಚದುರಿತು, ಒಳಗೆ ಮಗ್ಗ ಮತ್ತೆ ಸಪ್ಪಳ ಮಾಡತೊಡಗಿತು, ಕೂಸು ಎದ್ದು ಚೀರಿತು. ಮುತ್ತಜ್ಜಿ ತೊಟ್ಟಿಲ ಹಗ್ಗ ಎಳೆಯುತ್ತ ತನ್ನ ಅವ್ವನ ಹೆಸರು ಹಿಡಿದು ಕರೆದಳು: ‘ಸುಮ್ಮನಿರಽ ಬಸವ್ವಾ, ಅಳಬ್ಯಾಡ, ಬಂದೆ.’